ನೂಲಿಗೆ ತಾಮ್ರದ ಬಣ್ಣ

ಮೇ ತಿಂಗಳ ಕೊನೆಯಲ್ಲಿ ಆಲೂರು ದಾಟಿ ಸಕಲೇಶಪುರದ ಕಡೆಗೆ ಪ್ರಯಾಣ ಮಾಡಿದ್ದರೆ ನೀವು ಒಂದು ದೃಶ್ಯವನ್ನು ಗಮನಿಸಿರಬಹುದು. ಅರೇಬಿಕಾ ಕಾಫಿ ತೋಟಗಳಲ್ಲಿ ಎಲೆಗಳ ಮೇಲೆ ಯಾರೋ ತಿಳಿನೀಲಿ ಸುಣ್ಣ ಎರಚಿದಂತೆ ಕಲೆಗಳು ಕಾಣುತ್ತವೆ. ಅದು ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ನೀರಿನಲ್ಲಿ ಕದಡಿ, ಆಮೇಲೆ ಒಟ್ಟಿಗೆ ಸೇರಿಸಿ, ಎಲೆಯ ತುಕ್ಕುರೋಗ ಬಾರದಿರಲೆಂದು ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಇಳಿದ ಮೇಲೆ ಇನ್ನೊಮ್ಮೆ ಸಿಂಪಡಿಸುತ್ತಾರೆ. ಹೀಗಾಗಿ ಈ ಬೆಟ್ಟಸಾಲಿನ ಬಹುತೇಕ ಮನೆಗಳ ಉಗ್ರಾಣದಲ್ಲಿ ಮೈಲುತುತ್ತದ ಚೀಲವೊಂದು ಇದ್ದೇ ಇರುತ್ತದೆ. ರಸಾಯನಶಾಸ್ತ್ರದ ಹೆಸರು ತಾಮ್ರದ ಸಲ್ಫೇಟ್.

ನನಗೆ ಈ ಲೇಖನದ ವಿಷಯ ಸಿಕ್ಕಿದ್ದು ಆ ಚೀಲದಿಂದಲೇ. ಹಲವು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ತಣ್ಣನೆಯ ಬೆಳಿಗ್ಗೆ, ಸಂಬಂಧಿಕರ ತೋಟದಲ್ಲಿ ಪೀಪಾಯಿಗೆ ಮೈಲುತುತ್ತ ಕರಗಿಸುವುದಕ್ಕೆ ಕೈ ಹಾಕಿದೆ. ಸುಣ್ಣ ಸೇರಿಸುವ ಮೊದಲೇ ದ್ರಾವಣ ಸಿಡಿದು ಹತ್ತಿಯ ಅಂಗಿಯ ಮೇಲೂ, ಮನೆಯಲ್ಲಿ ಹೆಣೆದಿದ್ದ ಬಿಳಿಯ ಉಣ್ಣೆಯ ಸ್ವೆಟರಿನ ಮೇಲೂ ಬಿತ್ತು. ಒಗೆದಾಗ ಅಂಗಿಯ ಕಲೆ ಹೋಯಿತು. ಸ್ವೆಟರಿನ ಕಲೆ ಮಾತ್ರ ತಿಳಿಹಸಿರಾಗಿ ಉಳಿದೇಬಿಟ್ಟಿತು. ಅದೇ ದ್ರಾವಣ, ಅದೇ ಸೋಪು, ಅದೇ ನೀರು. ಹಾಗಾದರೆ ಈ ಪಕ್ಷಪಾತ ಏಕೆ?

ಉಣ್ಣೆ ಏಕೆ ಹಿಡಿಯುತ್ತದೆ?

ಹತ್ತಿ ಎಂದರೆ ಬಹುಮಟ್ಟಿಗೆ ಸೆಲ್ಯುಲೋಸ್. ಸಕ್ಕರೆಯ ಘಟಕಗಳು ಸರಪಳಿಯಾಗಿ ಕೂಡಿದ ವಸ್ತು. ಅದರ ಮೈಮೇಲೆ ಇರುವ ಹೈಡ್ರಾಕ್ಸಿಲ್ ಗುಂಪುಗಳಿಗೆ ತಾಮ್ರದ ಅಯಾನನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಕಡಿಮೆ. ಉಣ್ಣೆ ಪ್ರೋಟೀನು. ನಮ್ಮ ತಲೆಗೂದಲಿನ ಹಾಗೆಯೇ ಕೆರಾಟಿನ್. ಅದರ ಸರಪಳಿಯಿಂದ ಕಾರ್ಬಾಕ್ಸಿಲ್ ಗುಂಪುಗಳೂ ಅಮೈನೋ ಗುಂಪುಗಳೂ ಕೈಚಾಚಿಕೊಂಡಿರುತ್ತವೆ. ಧನಾವೇಶದ ತಾಮ್ರದ ಅಯಾನು ಹತ್ತಿರ ಬಂದರೆ ಆ ಗುಂಪುಗಳ ಆಕ್ಸಿಜನ್ ಮತ್ತು ನೈಟ್ರೋಜನ್ ಪರಮಾಣುಗಳು ತಮ್ಮ ಎಲೆಕ್ಟ್ರಾನ್ ಜೋಡಿಗಳನ್ನು ಅದಕ್ಕೆ ನೀಡಿ ಕಟ್ಟಿಹಾಕುತ್ತವೆ. ಹೀಗೆ ಉಂಟಾಗುವುದು ಸಂಕೀರ್ಣ ಸಂಯುಕ್ತ. ಸೋಪಿನ ನೀರು ಅದನ್ನು ಸುಲಭವಾಗಿ ಬಿಡಿಸಲಾರದು.

ಪ್ರೋಟೀನಿಗೂ ತಾಮ್ರಕ್ಕೂ ಇರುವ ಈ ನಂಟು ಪ್ರೌಢಶಾಲೆಯ ಅಧ್ಯಾಪಕರಿಗೆ ಹೊಸದಲ್ಲ. ಮೊಟ್ಟೆಯ ಬಿಳಿಯ ಭಾಗಕ್ಕೆ ಕ್ಷಾರ ಹಾಕಿ, ಎರಡು ಹನಿ ಮೈಲುತುತ್ತದ ದ್ರಾವಣ ಬಿಟ್ಟರೆ ನೇರಳೆ ಬಣ್ಣ ಬರುತ್ತದೆ. ಅದೇ ಬೈಯುರೆಟ್ ಪರೀಕ್ಷೆ. ನನ್ನ ಸ್ವೆಟರಿನ ಮೇಲೆ ನಡೆದದ್ದು ಅದರ ದಾಯಾದಿ ಎನ್ನಬಹುದು.

ಹತ್ತಿಯ ಬಗ್ಗೆ ಒಂದು ಮಾತು. ತಾಮ್ರದ ಹೈಡ್ರಾಕ್ಸೈಡನ್ನು ಗಾಢ ಅಮೋನಿಯಾ ದ್ರಾವಣದಲ್ಲಿ ಕರಗಿಸಿ ಅದರಲ್ಲಿ ಹತ್ತಿ ಹಾಕಿದರೆ, ಬಣ್ಣ ಹಿಡಿಯುವುದಿರಲಿ, ಹತ್ತಿಯೇ ಕರಗಿಹೋಗುತ್ತದೆ! ಸ್ವಿಸ್ ರಸಾಯನಶಾಸ್ತ್ರಜ್ಞ ಶ್ವೈಟ್ಸರ್ 1857ರಲ್ಲಿ ಇದನ್ನು ಕಂಡುಹಿಡಿದ. ಕರಗಿದ ಸೆಲ್ಯುಲೋಸನ್ನು ಸಣ್ಣ ರಂಧ್ರಗಳ ಮೂಲಕ ಒತ್ತಿ ಮತ್ತೆ ಎಳೆಯಾಗಿಸುವ ಒಂದು ಬಗೆಯ ರೇಯಾನ್ ಉದ್ಯಮ ಇದರಿಂದಲೇ ಹುಟ್ಟಿತು.

ನೀಲಿ ಎಲ್ಲಿಂದ ಬಂತು?

ನಾನು ಭೌತಶಾಸ್ತ್ರದವನು. ಆದ್ದರಿಂದ ಬಣ್ಣದ ಪ್ರಶ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಅನುಮತಿ ಕೊಡಿ.

ಒಂದು ಹಳೆಯ ಚಮಚದಲ್ಲಿ ಮೈಲುತುತ್ತದ ಹರಳನ್ನಿಟ್ಟು ಕಾಯಿಸಿ. ನೀಲಿ ಮಾಯವಾಗಿ ಬಿಳಿಯ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಹಾಕಿದರೆ ನೀಲಿ ಮರಳುತ್ತದೆ. ಎಂದಮೇಲೆ ನೀಲಿ ಕೇವಲ ತಾಮ್ರದ ಗುಣವಲ್ಲ. ತಾಮ್ರದ ಸುತ್ತ ಕುಳಿತವರು ಯಾರು ಎಂಬುದರ ಮೇಲೆ ಅದು ನಿಂತಿದೆ.

ತಾಮ್ರದ ಅಯಾನಿನ ಹೊರಕವಚದಲ್ಲಿ ಡಿ ಕಕ್ಷಕಗಳು ಐದು, ಅವುಗಳಲ್ಲಿ ಎಲೆಕ್ಟ್ರಾನುಗಳು ಒಂಬತ್ತು. ಅಂದರೆ ಒಂದು ಜಾಗ ಖಾಲಿ. ಅಯಾನು ಒಂಟಿಯಾಗಿದ್ದಾಗ ಐದು ಕಕ್ಷಕಗಳ ಶಕ್ತಿಯೂ ಒಂದೇ. ಸುತ್ತ ನೀರಿನ ಅಣುಗಳು ಬಂದು ಕುಳಿತರೆ, ಅವುಗಳ ಕಡೆಗೆ ಚಾಚಿದ ಕಕ್ಷಕಗಳ ಶಕ್ತಿ ಏರುತ್ತದೆ, ನಡುವಿನ ಸಂದುಗಳ ಕಡೆಗೆ ಚಾಚಿದವುಗಳ ಶಕ್ತಿ ಇಳಿಯುತ್ತದೆ. ಈಗ ಕೆಳಗಿನ ಮೆಟ್ಟಿಲಿನ ಎಲೆಕ್ಟ್ರಾನು ಮೇಲಿನ ಖಾಲಿ ಜಾಗಕ್ಕೆ ಜಿಗಿಯಬಹುದು. ಜಿಗಿತಕ್ಕೆ ಬೇಕಾದ ಶಕ್ತಿಯನ್ನು ಬೆಳಕಿನಿಂದ ಕಿತ್ತುಕೊಳ್ಳುತ್ತದೆ.

ನೀರು ಸುತ್ತುವರಿದ ತಾಮ್ರ ಅತಿ ಹೆಚ್ಚು ಬೆಳಕನ್ನು ಹೀರುವುದು ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ. ಅದು ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆ. ಆದರೆ ಆ ಹೀರಿಕೆಯ ಪಟ್ಟಿ ಅಗಲವಾಗಿರುವುದರಿಂದ ಅದರ ಬಾಲ ಕೆಂಪಿನ ಮೇಲೆ ಬೀಳುತ್ತದೆ. ಕೆಂಪು ಸ್ವಲ್ಪ ಕಡಿಮೆಯಾದ ಬಿಳಿಯ ಬೆಳಕು ನಮಗೆ ತಿಳಿನೀಲಿಯಾಗಿ ತೋರುತ್ತದೆ. ಇದೇ ದ್ರಾವಣಕ್ಕೆ ಅಮೋನಿಯಾ ಸೇರಿಸುತ್ತಾ ಹೋದರೆ ಮೊದಲು ಮಡ್ಡಿ ಕಟ್ಟಿ, ಆಮೇಲೆ ಅದು ಕರಗಿ, ಕಣ್ಣು ಕುಕ್ಕುವ ಕಡುನೀಲಿ ಬರುತ್ತದೆ. ನೀರಿನ ಜಾಗದಲ್ಲಿ ಅಮೋನಿಯಾ ಕುಳಿತು ಮೆಟ್ಟಿಲುಗಳ ನಡುವಿನ ಅಂತರವನ್ನು ಹೆಚ್ಚಿಸಿದೆ. ಹೀರಿಕೆ ಸುಮಾರು 600 ನ್ಯಾನೋಮೀಟರಿಗೆ, ಎಂದರೆ ಕಿತ್ತಳೆಯ ಮೇಲಕ್ಕೆ ಸರಿದಿದೆ. ವಿದ್ಯಾರ್ಥಿಗಳು 1240ನ್ನು ಈ ತರಂಗಾಂತರಗಳಿಂದ ಭಾಗಿಸಿ ನೋಡಲಿ. ಜಿಗಿತದ ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಸುಮಾರು 1.55ರಿಂದ 2.07ಕ್ಕೆ ಏರಿದೆ.

ಉಣ್ಣೆಯಲ್ಲಿ ತಾಮ್ರದ ಸುತ್ತ ಕುಳಿತಿರುವುದು ಆಕ್ಸಿಜನ್ನೂ ನೈಟ್ರೋಜನ್ನೂ ಬೆರೆತ ಮಿಶ್ರ ಕುಟುಂಬ. ಹಾಗಾಗಿ ಹಸಿರು ಮಿಶ್ರಿತ ನೀಲಿ.

ಆದರೆ ಬಣ್ಣ ಇಷ್ಟು ತೆಳುವೇಕೆ? ಈ ಬಗೆಯ ಜಿಗಿತವನ್ನು ಕ್ವಾಂಟಂ ಭೌತಶಾಸ್ತ್ರದ ನಿಯಮಗಳು ಹೆಚ್ಚುಕಡಿಮೆ ನಿಷೇಧಿಸಿವೆ. ಕಾನೂನಿನ ಸಂದಿಯಲ್ಲಿ ನುಸುಳಿದಂತೆ ಅಪರೂಪಕ್ಕೆ ನಡೆಯುತ್ತದೆ. ಬೆಳಕನ್ನು ಹೀರುವ ಸಾಮರ್ಥ್ಯವನ್ನು ಅಳೆಯುವ ಮೋಲಾರ್ ಗುಣಾಂಕ ತಾಮ್ರದ ನೀರಿನ ಸಂಕೀರ್ಣಕ್ಕೆ ಹತ್ತರ ಆಸುಪಾಸು, ಅಮೋನಿಯಾ ಸಂಕೀರ್ಣಕ್ಕೆ ಐವತ್ತರ ಆಸುಪಾಸು. ಒಳ್ಳೆಯ ಬಣ್ಣದ ಅಣುಗಳಿಗೆ ಅದು ಹತ್ತಾರು ಸಾವಿರ. ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಯೂ ಬಣ್ಣದ ಮುದ್ರಣದ ನೀಲಿ ಶಾಯಿಯಲ್ಲಿಯೂ ಇರುವ ಥಾಲೋಸಯನಿನ್ ಎಂಬ ವರ್ಣದ್ರವ್ಯದ ನಡುವೆ ಕುಳಿತಿರುವುದೂ ತಾಮ್ರವೇ. ಆದರೆ ಅಲ್ಲಿ ಬೆಳಕನ್ನು ಹೀರುವ ಕೆಲಸವನ್ನು ಸುತ್ತಲಿನ ಇಂಗಾಲದ ಉಂಗುರ ಮಾಡುತ್ತದೆ, ತಾಮ್ರವಲ್ಲ.

ಆದ್ದರಿಂದ ಮನೆಯ ಬಣ್ಣಗಾರಿಕೆಯಲ್ಲಿ ತಾಮ್ರದ ನಿಜವಾದ ಉಪಯೋಗ ತಾನೇ ಬಣ್ಣವಾಗುವುದರಲ್ಲಿಲ್ಲ, ಮಧ್ಯಸ್ಥನಾಗುವುದರಲ್ಲಿದೆ. ಒಂದು ಕೈಯಲ್ಲಿ ಉಣ್ಣೆಯನ್ನು, ಇನ್ನೊಂದು ಕೈಯಲ್ಲಿ ಗಿಡಮೂಲದ ಬಣ್ಣದ ಅಣುವನ್ನು ಹಿಡಿದುಕೊಳ್ಳುವ ವಸ್ತುವಿಗೆ ವರ್ಣಬಂಧಕ ಎಂದು ಹೆಸರು. ಪಟಿಕ, ಅನ್ನಭೇದಿ, ಮೈಲುತುತ್ತ ಮೂರೂ ವರ್ಣಬಂಧಕಗಳೇ. ಪಟಿಕದ ಅಲ್ಯೂಮಿನಿಯಂ ಅಯಾನಿನಲ್ಲಿ ಡಿ ಎಲೆಕ್ಟ್ರಾನುಗಳಿಲ್ಲ, ಆದ್ದರಿಂದ ಅದು ಬಣ್ಣಕ್ಕೆ ತನ್ನ ಮಸಿ ಬಳಿಯುವುದಿಲ್ಲ. ಹಳದಿ ಹಳದಿಯಾಗಿಯೇ ಹೊಳೆಯುತ್ತದೆ. ತಾಮ್ರ ಅದೇ ಹಳದಿಯನ್ನು ಹಸಿರುಗಂದಿನತ್ತ ತಿರುಗಿಸುತ್ತದೆ, ಅನ್ನಭೇದಿಯ ಕಬ್ಬಿಣ ಕಪ್ಪಿನತ್ತ ಎಳೆಯುತ್ತದೆ. ತಾಮ್ರ ಕಟ್ಟಿದ ಬಣ್ಣ ಬಿಸಿಲಿಗೆ ಹೆಚ್ಚು ಕಾಲ ಬಾಳುತ್ತದೆ ಎಂಬುದು ಬಣ್ಣಗಾರರು ಬಹಳ ಹಿಂದೆಯೇ ಕಂಡುಕೊಂಡ ಸತ್ಯ.

ಮಾಡಿ ನೋಡಿ

ಮೊದಲು ನೂಲು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ನನ್ನ ಮೊದಲ ಪ್ರಯೋಗ ಪೂರ್ತಿ ಕೆಟ್ಟದ್ದು ಇದರಿಂದಲೇ. ಎರಡು ಗಂಟೆ ಬಿಸಿ ಮಾಡಿದರೂ ನೂಲು ಬಿಳಿಯಾಗಿಯೇ ಉಳಿಯಿತು. ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ನಮ್ಮ ಜಿಲ್ಲೆಯದೇ ಆದ ಹಾಸನ ತಳಿಯ ಕುರಿಯ ಮೈ ಬಿಳಿ, ಅಲ್ಲಲ್ಲಿ ಕಂದು ಇಲ್ಲವೇ ಕಪ್ಪು ಮಚ್ಚೆ. ಅದರ ಉಣ್ಣೆ ಬಲು ಒರಟು. ಸ್ವೆಟರಿಗೆ ಆಗದಿದ್ದರೂ ಪ್ರಯೋಗಕ್ಕೆ ಧಾರಾಳವಾಗಿ ಆಗುತ್ತದೆ. ಮಲೆನಾಡಿನ ಮಳೆಗೆ ಹೊದೆಯುವ ಕರಿಕಂಬಳಿಯ ನೂಲು ಬೇಡ. ಹುಟ್ಟುಗಪ್ಪಿನ ಮೇಲೆ ಯಾವ ಬಣ್ಣವೂ ಕಾಣದು.

ಪಾತ್ರೆ ಸ್ಟೀಲಿನದಾಗಲಿ, ಅಡುಗೆಗೆ ಮತ್ತೆಂದೂ ಬಳಸದ್ದಾಗಲಿ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ಮೈಲುತುತ್ತದ ಜೊತೆಗೆ ಒಂದು ಚಿಟಿಕೆ ಉಪ್ಪು ಹಾಕಿ ನಾನು ಇಟ್ಟಿದ್ದ ಹಳೆಯ ಅಲ್ಯೂಮಿನಿಯಂ ಪಾತ್ರೆಯ ತಳದಲ್ಲಿ ಕೆಂಪು ತಾಮ್ರದ ಪುಡಿ ಕೂತು, ಸೂಜಿಮೊನೆಯಷ್ಟು ತೂತುಗಳು ಬಿದ್ದವು. ಉಪ್ಪು ಅಲ್ಯೂಮಿನಿಯಮಿನ ರಕ್ಷಣೆಯ ಪದರವನ್ನು ಭೇದಿಸಿದ ಮೇಲೆ ತಾಮ್ರವೂ ಅಲ್ಯೂಮಿನಿಯಮ್ಮೂ ಜಾಗ ಬದಲಿಸಿಕೊಂಡಿದ್ದವು.

100 ಗ್ರಾಂ ನೂಲನ್ನು ಲಡಿಯಾಗಿ ಸುತ್ತಿ, ಸಡಿಲವಾಗಿ ಕಟ್ಟಿ, ಮೆದುವಾದ ಸೋಪಿನ ನೀರಿನಲ್ಲಿ ತೊಳೆದು ನೆನೆಸಿಡಿ. ನಾಲ್ಕು ಲೀಟರ್ ನೀರಿಗೆ 2 ಗ್ರಾಂ ಮೈಲುತುತ್ತ ಸಾಕು, ಎಂದರೆ ನೂಲಿನ ತೂಕದ ಶೇಕಡಾ 2. ಒಂದೆರಡು ಚಮಚ ವಿನೆಗರ್ ಸೇರಿಸಿ. ಒದ್ದೆ ನೂಲನ್ನು ಇಳಿಬಿಟ್ಟು ನಿಧಾನವಾಗಿ ಬಿಸಿ ಏರಿಸಿ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಇರಿಸಿ. ಕುದಿಸಬೇಡಿ, ಬಲವಾಗಿ ಕಲಕಲೂಬೇಡಿ. ಉಣ್ಣೆ ಗಂಟುಕಟ್ಟಿ ಕಂಬಳಿಯಂತಾಗುತ್ತದೆ. ಅದೇ ನೀರಿನಲ್ಲಿಯೇ ಆರಲು ಬಿಟ್ಟು ಹೊರತೆಗೆದರೆ ನೂಲು ತಿಳಿಹಸಿರಾಗಿರುತ್ತದೆ. ನೀರಿನ ನೀಲಿಯನ್ನು ಮೊದಲಿನದರ ಜೊತೆ ಹೋಲಿಸಿ. ತೆಳುವಾಗಿದ್ದರೆ ಅಷ್ಟು ತಾಮ್ರ ನೂಲಿಗೆ ಹೋಗಿದೆ ಎಂದರ್ಥ.

ಈಗ ಬಣ್ಣದ ಸರದಿ. ಈರುಳ್ಳಿಯ ಒಣಸಿಪ್ಪೆಯನ್ನು ನೂಲಿನಷ್ಟೇ ತೂಕ ತೆಗೆದುಕೊಂಡು ಒಂದು ಗಂಟೆ ಕುದಿಸಿ ಸೋಸಿ. ಬೇರೊಂದು ಪಾತ್ರೆಯಲ್ಲಿ ಆ ಕಷಾಯಕ್ಕೆ ನೂಲು ಹಾಕಿ ಮುಕ್ಕಾಲು ಗಂಟೆ ಬಿಸಿ ಮಾಡಿ. ಬರಿಯ ನೂಲು, ಪಟಿಕ ಹಾಕಿದ್ದು, ತಾಮ್ರ ಹಾಕಿದ್ದು, ಅನ್ನಭೇದಿ ಹಾಕಿದ್ದು ಎಂದು ನಾಲ್ಕು ಲಡಿಗಳನ್ನು ಒಂದೇ ಕಷಾಯದಲ್ಲಿ ಇಳಿಬಿಟ್ಟರೆ ಇಡೀ ತರಗತಿಗೆ ಬೇರೆ ಪಾಠ ಬೇಕಾಗಿಲ್ಲ. ದಾಳಿಂಬೆ ಸಿಪ್ಪೆ, ಹಲಸಿನ ಮರದ ಹೊಟ್ಟು, ಅಡಿಕೆ ಬೇಯಿಸಿದ ಚೊಗರು ಯಾವುದಾದರೂ ಆದೀತು. ಚೊಗರಿನ ಬಣ್ಣವನ್ನು ಮನೆಯಾಟ ಎಂದು ತಳ್ಳಿಹಾಕಬೇಡಿ. ಸಾಗರ ತಾಲೂಕಿನ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ ಚೊಗರಿನಂಥ ನೈಸರ್ಗಿಕ ಬಣ್ಣಗಳ ಕೈಮಗ್ಗದ ಬಟ್ಟೆಯಿಂದಲೇ ಹೆಸರಾಯಿತು.

ಮೈಲುತುತ್ತವೇ ಇಲ್ಲದ ಊರಿನವರು ಏನು ಮಾಡಬೇಕು? ತಾಮ್ರದ ತಂತಿಯ ತುಂಡುಗಳನ್ನು ಗಾಜಿನ ಜಾಡಿಗೆ ಹಾಕಿ, ಅರ್ಧ ಮುಳುಗುವಷ್ಟು ವಿನೆಗರನ್ನೂ ಚಿಟಿಕೆ ಉಪ್ಪನ್ನೂ ಸೇರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿಡಿ. ಬಿಗಿಯಾದ ಮುಚ್ಚಳ ಹಾಕಿದರೆ ಏನೂ ಆಗದು. ಆಮ್ಲವೊಂದೇ ತಾಮ್ರವನ್ನು ಕರಗಿಸಲಾರದು, ಗಾಳಿಯ ಆಕ್ಸಿಜನ್ ಬೇಕೇ ಬೇಕು. ಕೆಲವು ವಾರಗಳಲ್ಲಿ ದ್ರಾವಣ ಹಸಿರುನೀಲಿಯಾಗುತ್ತದೆ. ಇದು ನಮ್ಮ ಅಜ್ಜಿಯರು ಬಲ್ಲ ಕಿಲುಬು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಕಾಯಿಸಬಾರದು ಎನ್ನುತ್ತಿದ್ದುದು ಇದಕ್ಕೇ.

ಉಳಿದ ನೀರು

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ಮೊದಲ ಬಾರಿ ನೂಲಿಗೆ ಬಣ್ಣ ಹಿಡಿದ ಖುಷಿಯಲ್ಲಿ, ಉಳಿದ ತೆಳುನೀಲಿ ನೀರನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಣ್ಣ ಹೊಂಡಕ್ಕೆ ಸುರಿದೆ. ಮಾರನೆಯ ಬೆಳಿಗ್ಗೆ ಹೊಂಡದ ಗೊದಮೊಟ್ಟೆಗಳೆಲ್ಲ ಬಿಳಿಯ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇಷ್ಟು ತೆಳುವಾದ ನೀರು ಏನು ಮಾಡೀತು ಎಂದುಕೊಂಡಿದ್ದ ನಾನು, ಭೌತಶಾಸ್ತ್ರದ ಅಧ್ಯಾಪಕನಾಗಿಯೂ, ಲೆಕ್ಕ ಹಾಕಿದ್ದು ಆಮೇಲೆ.

ಲೆಕ್ಕ ಹೀಗಿದೆ. ಮೈಲುತುತ್ತದ ತೂಕದಲ್ಲಿ ತಾಮ್ರದ ಪಾಲು ಶೇಕಡಾ 25.5ರಷ್ಟು. 2 ಗ್ರಾಮಿನಲ್ಲಿ ಸುಮಾರು ಅರ್ಧ ಗ್ರಾಂ. ನಾಲ್ಕು ಲೀಟರಿನಲ್ಲಿ ಅದು ಲೀಟರಿಗೆ 127 ಮಿಲಿಗ್ರಾಂ. ಮುಕ್ಕಾಲು ಪಾಲು ನೂಲಿಗೆ ಹೋಯಿತು ಎಂದುಕೊಂಡರೂ ಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಉಳಿಯಿತು. ಕುಡಿಯುವ ನೀರಿಗೆ 2012ರ ಭಾರತೀಯ ಮಾನಕ ಒಪ್ಪುವ ಮಿತಿ 0.05 ಮಿಲಿಗ್ರಾಂ, ಬೇರೆ ನೀರಿಲ್ಲದಾಗ ಸಹಿಸಬಹುದಾದ ಮಿತಿ 1.5 ಮಿಲಿಗ್ರಾಂ. ಎರಡನೆಯ ಮಿತಿಯ ಇಪ್ಪತ್ತು ಪಟ್ಟನ್ನು ನಾನು ಸುರಿದಿದ್ದೆ. ಮೀನು, ಗೊದಮೊಟ್ಟೆಗಳು ನಮಗಿಂತ ಹೆಚ್ಚು ಸೂಕ್ಷ್ಮ. ಕರಗಿದ ತಾಮ್ರದ ಅಯಾನು ಕಿವಿರುಗಳಲ್ಲಿ ಉಪ್ಪಿನಂಶದ ಸಾಗಣೆಯನ್ನೇ ಕೆಡಿಸುತ್ತದೆ. ನಮ್ಮ ಬೆಟ್ಟದ ತೊರೆಗಳ ನೀರು ಮೃದು. ನೀರು ಗಡಸಾಗಿದ್ದರೆ ಅದರಲ್ಲಿನ ಕ್ಯಾಲ್ಸಿಯಂ ಸ್ವಲ್ಪವಾದರೂ ರಕ್ಷಣೆ ಕೊಡುತ್ತಿತ್ತು. ಮೃದು ನೀರಿನಲ್ಲಿ ಆ ಕಾವಲೂ ಇಲ್ಲ. ಈ ಸೀಮೆಯಲ್ಲಿ ಸುರಿದದ್ದು ಒಂದು ಇಳಿಜಾರಿನಲ್ಲಾದರೆ ಹೇಮಾವತಿಗೆ, ಅಲ್ಲಿಂದ ಗೊರೂರಿನ ಜಲಾಶಯಕ್ಕೆ ಹೋಗುತ್ತದೆ. ಬಿಸಿಲೆಯ ದಿಬ್ಬದಾಚೆ ಸುರಿದರೆ ಕುಮಾರಧಾರೆಗೆ.

ಪರಿಹಾರ ದೂರದಲ್ಲೇನೂ ಇಲ್ಲ, ತೋಟದಲ್ಲಿಯೇ ಇದೆ. ಬೋರ್ಡೋ ದ್ರಾವಣ ತಯಾರಿಸುವವರು ಕೊನೆಯಲ್ಲಿ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಪೀಪಾಯಿಗೆ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತಾರೆ. ಅಲಗು ಹಾಗೆಯೇ ಹೊಳೆದರೆ ಸಿಂಪಡಿಸಲು ಸಿದ್ಧ. ಇದು ಚೊಕ್ಕವಾದ ವಿದ್ಯುತ್ ರಸಾಯನ. ಕಬ್ಬಿಣ ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಕರಗಿದ ತಾಮ್ರದ ಅಯಾನು ಅವನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ನೀರಿಗಿಳಿಯುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಹೈಡ್ರಾಕ್ಸೈಡ್ ರೂಪದ ಮಡ್ಡಿಯಾಗಿರುತ್ತದೆ, ಅಲಗಿಗೆ ಅಂಟಲು ಅಯಾನೇ ಸಿಗದು. ಕರಗಿದ ತಾಮ್ರ ಎಳೆಯ ಎಲೆಯನ್ನು ಸುಡುತ್ತದೆ, ಅದಕ್ಕೆ ರೈತನಿಗೆ ಈ ಎಚ್ಚರ. ಗೊದಮೊಟ್ಟೆಯ ಲೆಕ್ಕದಲ್ಲಿ ನಮಗೂ ಅದೇ ಎಚ್ಚರ ಬೇಕು.

ಆದ್ದರಿಂದ ಉಳಿದ ನೀರಿಗೆ, ಮೊದಲ ಜಾಲಾಟದ ನೀರನ್ನೂ ಸೇರಿಸಿ, ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಬನ್ನಿ. ಕೆಂಪು ಲಿಟ್ಮಸ್ ಈಗಷ್ಟೇ ನೀಲಿಗೆ ತಿರುಗಲಿ. ಉಜ್ಜಿದ ಮೊಳೆಯೊಂದನ್ನು ಹತ್ತು ನಿಮಿಷ ಅದ್ದಿ ನೋಡಿ. ಕೆಂಪಾಗದಿದ್ದರೆ ಒಂದು ದಿನ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಮಡಚಿದ ಬಟ್ಟೆಯಲ್ಲಿ ಸೋಸಿ. ಮೊಳೆಯ ಪರೀಕ್ಷೆ ಒರಟು ಪರೀಕ್ಷೆ ಎಂಬುದು ನೆನಪಿರಲಿ. ಲೀಟರಿಗೆ ಒಂದು ಮಿಲಿಗ್ರಾಮಿನಷ್ಟನ್ನು ಅದು ತೋರಿಸಲಾರದು. ಸೋಸಿದ ತಿಳಿಯನ್ನೂ ನಾನು ಹಳ್ಳಕ್ಕೆ ಬಿಡುವುದಿಲ್ಲ, ಬಾವಿ, ತೊರೆಗಳಿಂದ ದೂರದ ಒಣನೆಲಕ್ಕೆ ಹಾಕುತ್ತೇನೆ.

ತಾಮ್ರದ ಸ್ನಾನವನ್ನೂ ಈರುಳ್ಳಿ ಕಷಾಯವನ್ನೂ ಬೇರೆಬೇರೆ ಪಾತ್ರೆಗಳಲ್ಲಿ ಮಾಡಲು ಹೇಳಿದ್ದೂ ಇದಕ್ಕಾಗಿಯೇ. ಕಷಾಯದ ಟ್ಯಾನಿನ್ ಮುಂತಾದ ಅಣುಗಳು ತಾಮ್ರವನ್ನು ಹಿಡಿದಿಟ್ಟುಕೊಂಡರೆ ಸುಣ್ಣಕ್ಕೆ ಅದು ಪೂರ್ತಿಯಾಗಿ ಸಿಕ್ಕುವುದಿಲ್ಲ. ಅಮೋನಿಯಾದ ತೊಂದರೆ ಇನ್ನೂ ದೊಡ್ಡದು. ಕಡುನೀಲಿ ದ್ರಾವಣಕ್ಕೆ ಎಷ್ಟು ಸುಣ್ಣ ಹಾಕಿದರೂ ತಾಮ್ರ ಅಮೋನಿಯಾದ ತೋಳಿನಿಂದ ಬಿಡಿಸಿಕೊಂಡು ಕೆಳಗಿಳಿಯದು. ವಿನೆಗರ್ ಹಾಕಿ ನೀಲಿಯನ್ನು ತೆಳುವಾಗಿಸಿ, ಕಬ್ಬಿಣದ ಮೊಳೆ, ತಂತಿಗಳನ್ನು ಒಂದೆರಡು ದಿನ ಮುಳುಗಿಸಿಟ್ಟು ತಾಮ್ರವನ್ನು ಲೋಹವಾಗಿಯೇ ಹೊರಗೆಳೆಯಬೇಕು. ಹಾಗಾಗಿ ಅಮೋನಿಯಾ ಪ್ರಯೋಗವನ್ನು ಪರೀಕ್ಷಾನಳಿಕೆಯ ಅಳತೆಯಲ್ಲಿಯೇ ಇಟ್ಟುಕೊಳ್ಳಿ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆಯೊಂದಿದೆ, ನನ್ನನ್ನು ಕೇಳಿದ್ದೂ ಉಂಟು. ಶೇಕಡಾ 0.5ರ ಬೋರ್ಡೋ ದ್ರಾವಣದ 200 ಲೀಟರ್ ಪೀಪಾಯಿಗೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ, ಎಂದರೆ 250 ಗ್ರಾಮಿಗೂ ಹೆಚ್ಚು ತಾಮ್ರ. ಅಂಥ ಪೀಪಾಯಿಗಳನ್ನು ವರ್ಷವರ್ಷ ತೋಟಕ್ಕೆ ಚೆಲ್ಲುವ ನಾಡಿನಲ್ಲಿ ನಮ್ಮ ಅರ್ಧ ಗ್ರಾಮಿಗೆ ಇಷ್ಟು ಗಲಾಟೆಯೇ? ಪ್ರಶ್ನೆ ನ್ಯಾಯವಾದದ್ದೇ. ಪೀಪಾಯಿಯದು ಕರಗದ ಮಡ್ಡಿ, ಎಕರೆಗಟ್ಟಲೆ ಎಲೆಯ ಮೇಲೆ ಹರಡುವಂಥದ್ದು. ನನ್ನದು ಕರಗಿದ ಅಯಾನು, ಒಂದೇ ಹೊಂಡಕ್ಕೆ ಸುರಿದದ್ದು. ಗೊದಮೊಟ್ಟೆಗೆ ಮುಖ್ಯವಾದದ್ದು ಒಟ್ಟು ತೂಕವಲ್ಲ, ಅದರ ಸುತ್ತಲಿನ ಸಾರತೆ. ಆದರೂ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ತೋಟದ ಮೇಲ್ಮಣ್ಣಿನಲ್ಲಿ ಅದು ಸೇರುತ್ತಲೇ ಹೋಗುತ್ತದೆ. ಹಳೆಯ ದ್ರಾಕ್ಷಿತೋಟಗಳಿರುವ ಯುರೋಪಿನಲ್ಲಿ ಇದು ಈಗ ಗಂಭೀರ ಚರ್ಚೆಯ ವಿಷಯ. ಬೋರ್ಡೋ ದ್ರಾವಣದ ಗುಣವನ್ನು ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದು ಅಲ್ಲಿನ ದ್ರಾಕ್ಷಿಗಾಗಿಯೇ.

ಇನ್ನು ತಳದಲ್ಲಿ ಉಳಿದ ನೀಲಿ ಮಡ್ಡಿ. ಸುಣ್ಣ ಮತ್ತು ತಾಮ್ರ ಮಾತ್ರ ಇರುವ ಆ ಮಡ್ಡಿ ಬೋರ್ಡೋ ದ್ರಾವಣವೇ ಹೊರತು ಬೇರೆಯಲ್ಲ. ನಮ್ಮ ಮನೆಯಲ್ಲಿ ಅದನ್ನು ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಮುಂದಿನ ಸಿಂಪರಣೆಯ ದಿನ ಪೀಪಾಯಿಗೆ ಸೇರಿಸುತ್ತೇವೆ. ಅದಾದ ಮೇಲೆ ಎಂದಿನಂತೆ ಕತ್ತಿ ಅದ್ದಿ ನೋಡುತ್ತಾರೆ.